ಇಪ್ಪತ್ತನೇ ತಾರೀಖು ದಾಟಿದ ಮೇಲೆ

"ಒಂದನೇ ತಾರೀಖು ಬಿಟ್ಟರೆ ನಾನು ಕಾಯೋ ದಿನ ಅಂತ ಇನ್ನೊಂದಿಲ್ಲ ಮಾವ," ಎಂದಳು ಹುಡುಗಿ. "ಅದೂ ಎಷ್ಟು ಹೊತ್ತಿನ ಸಂಭ್ರಮ? ಬೆಳಿಗ್ಗೆ ಸಂಬಳ ಬಂತು ಅಂತ ಮೆಸೇಜು. ಮಧ್ಯಾಹ್ನದೊಳಗೆ ಪಿ.ಜಿ. ಬಾಡಿಗೆ, ಊರಿಗೆ ಕಳಿಸೋದು, ತಮ್ಮನ ಫೀಸಿನ ಕಂತು. ಇಪ್ಪತ್ತನೇ ತಾರೀಖು ದಾಟಿದರೆ ಬಸ್‌ಸ್ಟಾಪಿನಲ್ಲಿ ಟೀ ಕುಡಿಯೋಕೂ ಯೋಚನೆ ಮಾಡ್ತೀನಿ."

ದೀಪಾವಳಿ ಕಳೆದು ವಾರವಾಗಿತ್ತು. ಬೆಂಗಳೂರಿನ ಹನುಮಂತನಗರದ ಹಳೆಯ ಮನೆಯೊಂದರ ಮೊದಲ ಮಹಡಿ. ಹುಡುಗಿ ಖಾಸಗಿ ಲ್ಯಾಬೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ ಮಾಡುವವಳು. ಎದುರು ಕೂತವರು ಅವಳ ಸೋದರಮಾವ. ಚಾಮರಾಜಪೇಟೆಯ ಪ್ರೆಸ್ಸೊಂದಕ್ಕೆ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿ, ಆಫ್‌ಸೆಟ್ ಬಂದ ಮೇಲೆ ಕಟಿಂಗ್ ಮೆಷಿನ್ನಿಗೆ ಬದಲಾಗಿ, ಅಲ್ಲೇ ನಿವೃತ್ತರಾದವರು. "ನಿಮಗೇನು ಬಿಡಿ, ಪೆನ್ಷನ್ ಬರುತ್ತೆ" ಎಂದು ಯಾರಾದರೂ ಹೇಳಿದರೆ ಅವರಿಗೆ ರೇಗುತ್ತದೆ. ಅವರದು ಸರ್ಕಾರಿ ಪಿಂಚಣಿಯಲ್ಲ, ಭವಿಷ್ಯನಿಧಿಯ ಇಪಿಎಸ್. ಆ ಯೋಜನೆಯಲ್ಲಿ 2014ರಿಂದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ಅವರ ಕೈಗೆ ಬರುವುದು ಅದಕ್ಕಿಂತ ಬಹಳ ದೂರವೇನಿಲ್ಲ. ಮದುವೆ ಸೀಸನ್ನಿನಲ್ಲಿ ಈಗಲೂ ಲಗ್ನಪತ್ರಿಕೆಗಳ ಪ್ರೂಫ್ ತಿದ್ದಿಕೊಟ್ಟು ಕಾಫಿಪುಡಿಯ ಖರ್ಚು ಹುಟ್ಟಿಸಿಕೊಳ್ಳುತ್ತಾರೆ. ಹಾಗಾಗಿ ಈ ಮಾತುಕತೆಯಲ್ಲಿ ಉಳ್ಳವರು ಇಲ್ಲದವರಿಗೆ ಬುದ್ಧಿ ಹೇಳುವ ಪ್ರಶ್ನೆ ಬರುವುದಿಲ್ಲ.

"ಫೋನು ಇದೆಯಲ್ಲ, ಅದರಲ್ಲಿ ಎಲ್ಲ ಬರುತ್ತಂತೆ?"

"ಎಲ್ಲ ಯಾವಾಗಲೂ ಬರುತ್ತೆ. ಯಾವಾಗಲೂ ಬರೋದಕ್ಕೆ ಯಾರು ಕಾಯ್ತಾರೆ?"

ಮಾವ ಎದ್ದು ಗೋಡೆಯ ಕ್ಯಾಲೆಂಡರ್ ತೆಗೆದು ತಂದರು. ರೇಷನ್ ಅಂಗಡಿಯವರು ಕೊಟ್ಟದ್ದು. ಮೇಲೆ ಲಕ್ಷ್ಮಿ, ಕೆಳಗೆ ಅಂಗಡಿಯ ಹೆಸರು, ಮೂಲೆಯಲ್ಲಿ ರಾಹುಕಾಲ. ಕಾಗದದ ಅಂಚನ್ನು ಬೆರಳಲ್ಲಿ ಸವರಿ "ಕಟಿಂಗ್ ಸರಿಯಿಲ್ಲ" ಎಂದು ಮೊದಲು ದೂರಿದರು, ಆಮೇಲೆ ಕೂತರು. "ನಮ್ಮ ಪ್ರೆಸ್ಸಲ್ಲಿ ಗಣೇಶನ ಹಬ್ಬದ ಹೊತ್ತಿಗೇ ಮುಂದಿನ ವರ್ಷದ ಕ್ಯಾಲೆಂಡರ್ ಕೆಲಸ ಶುರು. ಪಂಚಾಂಗ ಎದುರಿಗಿಟ್ಟುಕೊಂಡು ತಾರೀಖು ಹಾಕ್ತಿದ್ವಿ. ಊರಿಗೆಲ್ಲ ಯುಗಾದಿ ಮಾರ್ಚಲ್ಲಿ ಬಂದರೆ ನಮಗೆ ಸೆಪ್ಟೆಂಬರಲ್ಲೇ ಗೊತ್ತಾಗಿಬಿಡೋದು. ಸಂಬಳ ಆಗಲೂ ಅಷ್ಟಕ್ಕಷ್ಟೇ. ಆದರೆ ಕಾಯೋಕೆ ಏನೂ ಇಲ್ಲ ಅಂತ ಅನ್ನಿಸಿದ್ದಿಲ್ಲ."

ಹುಡುಗಿ ಕ್ಯಾಲೆಂಡರಿನ ಪುಟ ತಿರುವಿದಳು. ಅವಳಿಗೆ ಕಂಡದ್ದು ಬೇರೆ. "ಇದರಲ್ಲಿ ನನಗೆ ಕಾಣೋದು ಖರ್ಚು ಮಾವ. ಈ ಮುಹೂರ್ತಗಳು ನೋಡಿ. ಒಂದೊಂದಕ್ಕೂ ಒಂದು ಮದುವೆ, ಒಂದೊಂದು ಮದುವೆಗೂ ಮುಯ್ಯಿ. ಐನೂರಕ್ಕಿಂತ ಕಡಿಮೆ ಕವರಿಗೆ ಹಾಕೋ ಹಾಗಿಲ್ಲ."

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಹಬ್ಬ ಬರಲಿ ಅಂತ ಕಾಯೋರು ಗಂಡಸರು, ಮಕ್ಕಳು. ನಾವು ಕಾಯೋದು ಹಬ್ಬ ಮುಗೀಲಿ ಅಂತ."

ಇದಕ್ಕೆ ಮಾವ ಉತ್ತರ ಕೊಡಲಿಲ್ಲ. ಕೊಡುವಂಥದ್ದು ಇರಲೂ ಇಲ್ಲ. ಹಬ್ಬಗಳನ್ನು ಬಡವರ ಮನರಂಜನೆ ಎಂದು ಕೊಂಡಾಡುವ ಲೇಖನಗಳಲ್ಲಿ ಒಬ್ಬಟ್ಟಿನ ಹೂರಣ ರುಬ್ಬಿದವರ ಹೆಸರು ಬರುವುದು ಕಡಿಮೆ. ಮಾವ ಮೆಲ್ಲಗೆ ದಾರಿ ಬದಲಿಸಿದರು. ಮನೆಯೊಳಗಿನ ಹಬ್ಬದ ಮಾತು ಬೇಡ, ಬೀದಿಯಲ್ಲಿ ನಡೆಯುವುದನ್ನು ಮಾತ್ರ ಹಿಡಿಯೋಣ ಎಂದರು. ಅಲ್ಲಿಂದ ಮಾತಿಗೆ ಕಳೆ ಬಂತು.

ಹುಡುಗಿ ಫೋನಿನಲ್ಲಿ ಓದಿದ್ದ ಒಂದು ಸಂಗತಿ ಹೇಳಿದಳು. ನೆದರ್ಲೆಂಡ್ಸ್‌ನ ಸಂಶೋಧಕರು 1,530 ಮಂದಿಯನ್ನು ವಿಚಾರಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ. ಅವರಲ್ಲಿ 974 ಮಂದಿ ರಜೆಗೆ ಪ್ರವಾಸ ಹೋಗಿಬಂದವರು. ಹೋಗುವ ಮುಂಚೆ ಇವರು ಮನೆಯಲ್ಲೇ ಉಳಿದವರಿಗಿಂತ ಹೆಚ್ಚು ಖುಷಿಯಲ್ಲಿದ್ದರು. ಬಂದ ಮೇಲೆ? 'ಬಹಳ ಆರಾಮಾಗಿತ್ತು' ಎಂದವರನ್ನು ಬಿಟ್ಟರೆ ಉಳಿದವರಿಗೂ ಮನೆಯಲ್ಲಿದ್ದವರಿಗೂ ವ್ಯತ್ಯಾಸವೇ ಕಾಣಲಿಲ್ಲ.

"ಅಂದರೆ ಮುಕ್ಕಾಲು ಖುಷಿ ಹೊರಡೋಕೆ ಮುಂಚೇನೇ ಖರ್ಚಾಗಿರುತ್ತೆ ಅನ್ನು! ನಾನು ಹೇಳ್ತಿರೋದೂ ಅದೇ," ಎಂದು ಮಾವ ತೊಡೆ ತಟ್ಟಿದರು.

"ಅಲ್ಲ ಮಾವ. ಅವರು ಟಿಕೆಟ್ ಬುಕ್ ಮಾಡಿದ್ದರು. ಹೋಗೇ ಹೋಗ್ತೀವಿ ಅಂತ ಗೊತ್ತಿತ್ತು. ನಾವು ಪಿ.ಜಿ. ಹುಡುಗೀರು ಗೋಕರ್ಣಕ್ಕೆ ಹೋಗೋಣ ಅಂತ ವಾಟ್ಸಾಪ್ ಗ್ರೂಪ್ ಮಾಡಿ ಯಾವ ಕಾಲ ಆಯ್ತು! ಗ್ರೂಪಿಗೆ ಹೆಸರಿದೆ, ಡಿ.ಪಿ. ಇದೆ, ಸಮುದ್ರದ ಫೋಟೋ ಇದೆ. ಪ್ರತಿ ಸಲ ಒಬ್ಬಳ ಮನೇಲಿ ಆಸ್ಪತ್ರೆ, ಇಲ್ಲ ಒಬ್ಬಳ ಸಂಬಳ ತಡ. ಈಗ ಆ ಗ್ರೂಪ್ ನೋಡಿದರೇ ಬೇಜಾರು."

ಹುಡುಗಿ ಹೇಳಿದ್ದು ಇಡೀ ವಿಷಯದ ಮರ್ಮ. ಹಣ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ನಾವೇ ಹಾಕಿಕೊಂಡ ಯೋಜನೆಗೆ. ಒಂದು ಜ್ವರ, ಒಂದು ಕೆಟ್ಟ ಮಿಕ್ಸಿ ಸಾಕು, ಪ್ರವಾಸ ಮುಂದಕ್ಕೆ ಹೋಗುತ್ತದೆ. ಎರಡು ಮೂರು ಸಲ ಹೀಗಾದರೆ ಆಸೆಪಡುವುದೇ ದಂಡ ಎಂದು ಮನಸ್ಸು ತೀರ್ಮಾನಿಸುತ್ತದೆ. ಕೈಯಲ್ಲಿ ಕಾಸಿಲ್ಲದವರಿಗೆ ಬೇಕಾದ್ದು ಬರೀ ಅಗ್ಗದ ಖುಷಿಯಲ್ಲ, ತಮ್ಮ ಜೇಬಿನ ಗತಿ ಏನೇ ಆದರೂ ರದ್ದಾಗದ ಖುಷಿ. ಹಾಗೆ ನೋಡಿದರೆ ರೇಷನ್ ಅಂಗಡಿಯ ಕ್ಯಾಲೆಂಡರಿಗೆ ವಾಟ್ಸಾಪ್ ಗ್ರೂಪಿಗಿಲ್ಲದ ಒಂದು ಅನುಕೂಲ ಇದೆ: ಅದರಲ್ಲಿರುವುದು ನಡೆದೇ ತೀರುತ್ತದೆ.

"ಕಾರ್ತಿಕದ ಕಡೇ ಸೋಮವಾರ ಕಡಲೆಕಾಯಿ ಪರಿಷೆ," ಎಂದು ಮಾವ ಬೆರಳಿಟ್ಟರು. "ಇಲ್ಲಿಂದ ನಡಕೊಂಡು ಹೋಗೋ ದೂರ. ನಿನ್ನ ಸಂಬಳ ಬಂದರೂ ಆಗುತ್ತೆ, ಬರದಿದ್ದರೂ ಆಗುತ್ತೆ."

ಬಸವನಗುಡಿಯ ದೊಡ್ಡಬಸವಣ್ಣನ ಎದುರು ನಡೆಯುವ ಆ ಪರಿಷೆಯ ಕತೆ ಬೆಂಗಳೂರಿಗರಿಗೆ ಹೊಸದಲ್ಲ. ಸುತ್ತಿನ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಗಳು ಇನ್ನೂ ಹಳ್ಳಿಗಳಾಗಿದ್ದಾಗ ಹೊಲದ ಕಡಲೆಕಾಯಿಯನ್ನು ಬಸವ ಮೇಯುತ್ತಿತ್ತಂತೆ. ಹಾಗಾಗಿ ಮೊದಲ ಫಸಲು ಬಸವನಿಗೇ ಅಂತ ರೈತರು ಹರಕೆ ಕಟ್ಟಿಕೊಂಡರಂತೆ. ಹೊಲಗಳು ಹೋಗಿ ಅಪಾರ್ಟ್‌ಮೆಂಟು ಬಂದವು, ಕಾಯಿ ಈಗ ಚಿಂತಾಮಣಿ, ಕೋಲಾರ, ಮಾಗಡಿ ಕಡೆಯಿಂದ, ಗಡಿಯಾಚೆಯ ಆಂಧ್ರ, ತಮಿಳುನಾಡಿನಿಂದ ಲಾರಿಯಲ್ಲಿ ಬರುತ್ತದೆ. ಬುಲ್ ಟೆಂಪಲ್ ರಸ್ತೆಯ ಎರಡೂ ಬದಿ ರಾಶಿ: ಹಸಿದು, ಬೇಯಿಸಿದ್ದು, ಮರಳಲ್ಲಿ ಹುರಿದದ್ದು. ಮಾವನಿಗೆ ಇದರಲ್ಲಿ ಪಾಂಡಿತ್ಯ. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಬೇಕು, ಒಳಗೆ ಗಲಗಲ ಅಂದರೆ ಒಣಗಿದೆ, ಬೇಯಿಸಲು ಬೇಡ. ಬೀಜ ಸಿಪ್ಪೆಗೆ ಅಂಟಿಕೊಂಡು ಸದ್ದಿಲ್ಲದೆ ಕೂತಿದ್ದರೆ ಅದು ಉಪ್ಪುನೀರಿಗೆ ಸರಿ. ಎರಡು ಬೀಜದ ಗಿಡ್ಡ ಕಾಯಿ ರುಚಿ, ಮೂರು ಬೀಜದ್ದು ನೋಟಕ್ಕೆ. ಅಳತೆ ಇಂದಿಗೂ ಸೇರಿನಲ್ಲಿ. ಸೇರಿನ ಮೇಲೆ ಗೋಪುರ ಕಟ್ಟಿ ಸುರಿದು, ಕೊಸರಿಗೆ ಇನ್ನೊಂದು ಹಿಡಿ ಹಾಕದಿದ್ದರೆ ಅಂಗಡಿಯವಳೊಂದಿಗೆ ಜಗಳವಾಡಲೇಬೇಕು. ಜಗಳ ಆಡದೆ ತಂದ ಕಡಲೆಕಾಯಿಗೆ ಉಪ್ಪು ಹತ್ತುವುದಿಲ್ಲ ಎಂಬುದು ಮಾವನ ಸಿದ್ಧಾಂತ.

"ಸೋಮವಾರ ನನಗೆ ಡ್ಯೂಟಿ," ಎಂದಳು ಹುಡುಗಿ. "ರಾತ್ರಿ ಎಂಟಕ್ಕೆ ಬಿಡ್ತಾರೆ."

"ಪರಿಷೆ ಅಂದರೆ ಈಗ ಒಂದು ದಿನಾನಾ? ಶನಿವಾರಕ್ಕೇ ಅಂಗಡಿ ಬಿದ್ದಿರ್ತವೆ."

"ಭಾನುವಾರ ಬಟ್ಟೆ ಒಗೀಬೇಕು, ಮಾವ. ನೀವು ಬಿಟ್ಟಿ ಬಿಟ್ಟಿ ಅಂತೀರಿ. ದುಡ್ಡು ಬಿಟ್ಟಿ, ಸಮಯ ಬಿಟ್ಟಿ ಅಲ್ಲ. ಕರಗ ಅಂತೀರಿ, ಅದು ರಾತ್ರಿಯೆಲ್ಲ. ಧರ್ಮರಾಯನ ಗುಡಿಯಿಂದ ಹೊರಟು ಮಸ್ತಾನ್ ಸಾಬರ ದರ್ಗಾಕ್ಕೆ ಹೋಗೋದನ್ನ ನೋಡಬೇಕು ಅಂತ ನನಗೂ ಆಸೆ. ಅಷ್ಟು ಹೊತ್ತಲ್ಲಿ ಪಿ.ಜಿ.ಯವರು ಬಾಗಿಲು ತೆಗೀತಾರಾ?"

ಮಾವ ಈ ಸಲ ಸುಮ್ಮನಾಗಲಿಲ್ಲ, ಸೋಲನ್ನು ಅರ್ಧ ಒಪ್ಪಿಕೊಂಡರು. ಕರಗದ ರಾತ್ರಿ ಅವರ ಮನೆಗೇ ಬಂದು ಮಲಗಬಹುದು ಎಂದರು. ಭಾನುವಾರದ ಬಟ್ಟೆಗೆ ಮಾತ್ರ ಅವರ ಬಳಿ ಪರಿಹಾರ ಇರಲಿಲ್ಲ. ಊರಿನ ಎಷ್ಟೋ ಪುಕ್ಕಟೆ ಸಂಗೀತ, ಪುಕ್ಕಟೆ ಉಪನ್ಯಾಸ ಸಂಜೆ ಆರಕ್ಕೇ ಶುರುವಾಗುವಂಥವು. ಐದೂವರೆಗೆ ಕಾಫಿ ಕುಡಿದು ಬರಬಲ್ಲವರ ದಿನಚರಿಗೆ ಹೊಂದುವ ಸಮಯ ಅದು. ಎಂಟಕ್ಕೆ ಕೌಂಟರ್ ಮುಚ್ಚುವವರು ಆ ಲೆಕ್ಕದೊಳಗೆ ಇಲ್ಲ.

ಆದರೂ ಬಸವನಗುಡಿಯ ಆಸುಪಾಸಿನವರು ಅದೃಷ್ಟವಂತರೇ. ವಾಡಿಯಾ ರಸ್ತೆಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್, ನರಸಿಂಹರಾಜ ಕಾಲೊನಿಯಲ್ಲಿ ಡಿ.ವಿ. ಗುಂಡಪ್ಪನವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಎರಡೂ ಹುಟ್ಟಿದ್ದು 1945ರಲ್ಲಿ. ಉಪನ್ಯಾಸ, ಕಛೇರಿ, ಓದುವ ಕೋಣೆ. ಹನುಮಂತನಗರದಲ್ಲೇ ಕೆಂಗಲ್ ಹನುಮಂತಯ್ಯನವರ ಹೆಸರಿನ ಕಲಾಸೌಧ, ಅಲ್ಲಿ ನಾಟಕ.

"ಆ ಕಲಾಸೌಧದ ಮುಂದೇನೇ ದಿನಾ ಓಡಾಡ್ತೀನಿ," ಎಂದಳು. "ಒಳಗೆ ಹೋಗಿಲ್ಲ. ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಿರೋ ಹಾಗೆ ನಿಂತಿರ್ತಾರೆ. ನಾನ್ಯಾರು ಅಂತ ಕೇಳಿದರೆ?"

"ಯಾರೂ ಕೇಳಲ್ಲ ಕಣೆ. ನಾಟಕದವರಿಗೆ ಬೇಕಾಗಿರೋದು ಕುರ್ಚಿ ತುಂಬೋದು."

ಬಾಗಿಲಲ್ಲಿ ನಿಲ್ಲುವ ಈ ಅಳುಕನ್ನು ಮಾವ ಹಗುರವಾಗಿ ತೆಗೆದುಕೊಂಡರು, ಅದು ಅಷ್ಟು ಹಗುರವಲ್ಲ. ಟಿಕೆಟಿನ ಬೆಲೆ ಇಳಿಸುವುದು ಸುಲಭ. ಬಟ್ಟೆ, ಭಾಷೆ, ಪರಿಚಯಗಳ ಬೇಲಿ ಇಳಿಸುವುದು ಕಷ್ಟ. ಪರಿಷೆಗೆ ಆ ಬೇಲಿ ಇಲ್ಲ, ಅಲ್ಲಿ ನೀನ್ಯಾರು ಎಂದು ಕೇಳುವ ಬಾಗಿಲೇ ಇಲ್ಲ. ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಶ್ರೀರಾಮ ಸೇವಾ ಮಂಡಳಿ 1939ರಿಂದ ನಡೆಸುತ್ತ ಬಂದಿರುವ ರಾಮನವಮಿ ಸಂಗೀತೋತ್ಸವಕ್ಕೆ ಚಪ್ಪರದೊಳಗೆ ಟಿಕೆಟ್ ಉಂಟು. ಮಾವ ಮಾತ್ರ ದೊಡ್ಡ ದೊಡ್ಡ ವಿದ್ವಾಂಸರನ್ನೆಲ್ಲ ಹೊರಗೆ ನಿಂತೇ ಕೇಳಿದವರು. ಪ್ರೆಸ್ಸಿನ ಓವರ್‌ಟೈಮ್ ಮುಗಿಸಿ ಬರುವಾಗ ತನಿ ಆವರ್ತನ ನಡೆಯುತ್ತಿರುತ್ತಿತ್ತು, ಸೈಕಲ್ಲಿಗೆ ಒರಗಿ ನಿಂತರೆ ಮಂಗಳ ಹಾಡುವವರೆಗೂ ಕಾಲು ನೋಯುತ್ತಿರಲಿಲ್ಲ.

"ಆಗ ನಿಮಗೆ ಒಳಗೆ ಕೂರಬೇಕು ಅನ್ನಿಸಲಿಲ್ವಾ?"

"ಅನ್ನಿಸ್ತಿತ್ತು. ಯಾಕೆ ಅನ್ನಿಸಲ್ಲ?"

ಆ ಪ್ರಾಮಾಣಿಕ ಉತ್ತರದ ನಂತರ ಹುಡುಗಿಯ ದನಿ ಸ್ವಲ್ಪ ಮೆತ್ತಗಾಯಿತು. ಸಂಕ್ರಾಂತಿಗೆ ಗವಿಗಂಗಾಧರೇಶ್ವರನ ವಿಷಯ ಬಂದಾಗ ಅವಳೇ ಹೇಳತೊಡಗಿದಳು. ಆ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಗುಹೆಯೊಳಗಿನ ಲಿಂಗದ ಮೇಲೆ ಬೀಳುತ್ತದೆ. ನಡೆಯುವುದು ಕೆಲವೇ ನಿಮಿಷ, ಅದಕ್ಕೆ ಗವಿಪುರದ ತುಂಬ ಜನ. 2021ರಲ್ಲಿ ಮೋಡ ಕವಿದು ಕಿರಣ ಬೀಳಲೇ ಇಲ್ಲ. "ನೋಡಿ, ನಿಮ್ಮ ಕ್ಯಾಲೆಂಡರೂ ಕೈಕೊಡುತ್ತೆ," ಎಂದಳು. "ಕೊಟ್ಟರೆ ಎಲ್ಲರಿಗೂ ಕೊಡುತ್ತೆ, ನಿನಗೊಬ್ಬಳಿಗೇ ಅಲ್ಲ," ಎಂದರು ಮಾವ. ಗೋಕರ್ಣಕ್ಕೆ ಹೋಗಲಾಗದ ಬೇಸರಕ್ಕೂ ಮೋಡದ ಸಂಜೆಯ ಬೇಸರಕ್ಕೂ ಇರುವ ಅಂತರ ಅಷ್ಟೇ. ಮೋಡ ಕವಿದದ್ದಕ್ಕೆ ಯಾರೂ ತಮ್ಮ ಸಂಬಳವನ್ನು ಶಪಿಸುವುದಿಲ್ಲ.

ಅತ್ತೆ ಒರಳಲ್ಲಿ ಏನೋ ಕುಟ್ಟುವುದು ನಿಲ್ಲಿಸಿ ಬಂದು ಕೂತರು. "ಗುಡಿ, ಸಂಗೀತ ಎಲ್ಲ ಇರಲಿ. ಅವರೆಕಾಯಿ ಬರುತ್ತಲ್ಲ, ಅದಕ್ಕಿಂತ ಕಾಯೋವಂಥದ್ದು ಏನಿದೆ?"

ಇದಕ್ಕೆ ಮಾತ್ರ ಮೂವರಲ್ಲೂ ಒಮ್ಮತ. ಹಳೇ ಮೈಸೂರು ಸೀಮೆಯವರಿಗೆ ಚಳಿಗಾಲ ಬಂದದ್ದು ಗೊತ್ತಾಗುವುದು ಥರ್ಮಾಮೀಟರಿನಿಂದಲ್ಲ, ಗಾಡಿಯ ಮೇಲಿನ ಸೊಗಡಿನಿಂದ. ನಾಟಿ ಅವರೆ ಹಗಲು ಕುಗ್ಗಿದ ಮೇಲಷ್ಟೇ ಹೂ ಬಿಡುವ ಬಳ್ಳಿ; ಅದಕ್ಕೆ ಡಿಸೆಂಬರ್, ಜನವರಿಯಲ್ಲೇ ಅದರ ಸುಗ್ಗಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಗಲಿನ ಉದ್ದಕ್ಕೆ ಕಾಯದ ತಳಿಗಳನ್ನೂ ಕೊಟ್ಟಿದೆ. ಹೆಬ್ಬಾಳ ಅವರೆ ಎಂಬ ಹೆಸರಿನವು, ಎಚ್.ಎ. 3, ಎಚ್.ಎ. 4 ಎಂದು. ಈ ತಳಿಗಳಿಂದ ವರ್ಷದ ಯಾವ ಕಾಲದಲ್ಲೂ ಬೆಳೆ ತೆಗೆಯಬಹುದು, ರೈತರಿಗೆ ಒಳ್ಳೆಯದೇ ಆಯಿತು. ಆದರೆ ಜುಲೈಯಲ್ಲಿ ಸಿಕ್ಕ ಅವರೆಕಾಯನ್ನು ಅತ್ತೆ ತರಕಾರಿ ಎಂದು ಕೊಳ್ಳುತ್ತಾರೆ, ಡಿಸೆಂಬರಿನದನ್ನು ನೆಂಟರು ಬಂದರೇನೋ ಎಂಬಂತೆ ಮನೆಗೆ ತರುತ್ತಾರೆ. ಫೋನಿನಲ್ಲಿ ಸದಾ ಸಿಗುವುದರ ಬಗ್ಗೆ ಹುಡುಗಿ ಮೊದಲೇ ಆಡಿದ್ದ ಮಾತು ಇಲ್ಲಿಗೂ ಸಲ್ಲುತ್ತದೆ.

ಅರ್ಥಶಾಸ್ತ್ರಜ್ಞರು ಇದನ್ನು ಅಳೆಯಲು ಹೋದದ್ದುಂಟು. ಜಾರ್ಜ್ ಲೋವೆನ್‌ಸ್ಟೈನ್ ಎಂಬ ಅಮೆರಿಕನ್ 1987ರ ಪ್ರಬಂಧವೊಂದಕ್ಕಾಗಿ ವಿದ್ಯಾರ್ಥಿಗಳನ್ನು ಕೇಳಿದ: ನಿಮ್ಮ ಮೆಚ್ಚಿನ ಸಿನಿಮಾ ತಾರೆಯ ಒಂದು ಮುತ್ತಿಗೆ ಎಷ್ಟು ಕೊಡುತ್ತೀರಿ, ಈಗಲೇ ಸಿಕ್ಕರೆ ಎಷ್ಟು, ತಡವಾಗಿ ಸಿಕ್ಕರೆ ಎಷ್ಟು? ಅವರು ಹೆಚ್ಚು ಬೆಲೆ ಕಟ್ಟಿದ್ದು ಕೂಡಲೇ ಸಿಗುವ ಮುತ್ತಿಗಲ್ಲ, ಮೂರು ದಿನ ಬಿಟ್ಟು ಸಿಗುವುದಕ್ಕೆ. ಕಾಯುವ ಸುಖಕ್ಕೂ ಅವರು ದರ ಸೇರಿಸಿದ್ದರು. ಹನುಮಂತನಗರದ ಆ ಕೋಣೆಯಲ್ಲಿ ಈ ಉದಾಹರಣೆ ಯಾರೂ ಎತ್ತಲಿಲ್ಲ, ಸೋದರಮಾವನ ಮುಂದೆ ಎತ್ತುವಂಥದ್ದೂ ಅಲ್ಲ. ಅವರೆಕಾಯಿಯಲ್ಲೇ ಅದೇ ತತ್ವ ಬೇರೆ ರೀತಿಯಲ್ಲಿ ಕೆಲಸ ಮಾಡುತ್ತಿತ್ತು.

ಹಿತಕಿದ ಬೇಳೆ ಮಾಡಲು ಅವಸರ ನಡೆಯುವುದಿಲ್ಲ. ಕಾಯಿ ಸುಲಿಯಬೇಕು, ಸಿಪ್ಪೆಯ ಜಿಡ್ಡು ಬೆರಳಿಗೆ ಹತ್ತಿ ಸೋಪಿಗೂ ಬಗ್ಗದೆ ಉಳಿಯುತ್ತದೆ. ಕಾಳನ್ನು ರಾತ್ರಿ ನೀರಿಗೆ ಹಾಕಬೇಕು. ಬೆಳಿಗ್ಗೆ ಒಂದೊಂದೇ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಸಿಪ್ಪೆಯಿಂದ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಗುರಿ ತಪ್ಪಿದರೆ ಎದುರಿಗೆ ಕೂತವರ ಕನ್ನಡಕಕ್ಕೆ. ಒಬ್ಬರೇ ಕೂತರೆ ಇದು ಶಿಕ್ಷೆ. ನಾಲ್ಕು ಜನ ಕೂತರೆ ಊರ ಸುದ್ದಿಯೆಲ್ಲ ಮುಗಿಯುವಷ್ಟರಲ್ಲಿ ಸಾರಿಗೆ ಬೇಳೆ ತಯಾರು.

"ಹಾಗಾದರೆ ಪಿ.ಜಿ.ಯಿಂದ ಇಬ್ಬರನ್ನ ಕರಕೊಂಡು ಬರ್ತೀನಿ ಅತ್ತೆ," ಎಂದಳು ಹುಡುಗಿ. "ಒಬ್ಬಳು ರಾಯಚೂರಿನವಳು, ಅವಳು ಇದನ್ನ ನೋಡೇ ಇಲ್ಲ. ಕಾಯಿಗೆ ನಾವೇ ದುಡ್ಡು ಹಾಕಿ ತರ್ತೀವಿ. ನಿಮ್ಮದು ಸಾರು ಮಾತ್ರ."

"ಸಾರೂ ನೀವೇ ಮಾಡಿ," ಎಂದರು ಅತ್ತೆ, "ನಾನು ಹೇಳಿಕೊಡ್ತೀನಿ, ಕುರ್ಚಿ ಮೇಲೆ ಕೂತುಕೊಂಡು." ಮಾವ ನಕ್ಕರು. ಅತ್ತೆ ನಗಲಿಲ್ಲ, ಅವರು ತಮಾಷೆಗೆ ಹೇಳಿರಲಿಲ್ಲ.

ಇನ್ನು ದೂರದ ಮಾತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದೊಳಗೆ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಕರ್ನಾಟಕದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಎ.ಸಿ., ರಾಜಹಂಸಗಳಿಗೆ ಅದು ಅನ್ವಯಿಸುವುದಿಲ್ಲ. ಹುಡುಗಿ ದಿನಾ ಕೆಲಸಕ್ಕೆ ಹೋಗುವುದು ಅದರಲ್ಲೇ. ಆದರೂ ಮೈಸೂರಿಗೆ ಒಂದು ಸಲವೂ ಹೋಗಿಬಂದಿಲ್ಲ ಎಂದಾಗ ಮಾವನಿಗೆ ಆಶ್ಚರ್ಯ. ಭಾನುವಾರ ಸಂಜೆ ಏಳಕ್ಕೆ ಅರಮನೆಗೆ ದೀಪ ಹಾಕುತ್ತಾರೆ, ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೇ ಹೊತ್ತಿಕೊಳ್ಳುತ್ತವೆ. ಹೊರಗಿನ ರಸ್ತೆಯಲ್ಲಿ ನಿಂತರೂ ಕಾಣುತ್ತದೆ.

"ಬೆಳಿಗ್ಗೆ ಕೆಂಪು ಬಸ್ಸು ಹತ್ತಿದರೆ ಆಯ್ತು. ಬುತ್ತಿ ಕಟ್ಟಿಕೊಂಡರೆ ಊಟದ ಖರ್ಚೂ ಇಲ್ಲ. ನಮ್ಮಿಬ್ಬರದು ಆಧಾರ್ ಕಾರ್ಡು, ನಿಮ್ಮದು ದುಡ್ಡು," ಎಂದು ಹುಡುಗಿ ಅತ್ತೆಯ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಹಿರಿಯ ನಾಗರಿಕರಿಗೆ ಶೇ 25 ರಿಯಾಯಿತಿ ಇದೆ ಎಂದು ಮಾವ ನೆನಪಿಸಿದರು, ಉಳಿದ ಮುಕ್ಕಾಲು ಟಿಕೆಟ್ ತಮ್ಮ ಪಾಲಿಗೇ ಬಂತಲ್ಲ ಎಂಬ ಕಸಿವಿಸಿ ಮುಖದ ಮೇಲೆ ಕಾಣಿಸಿತು. ರಾತ್ರಿ ದೀಪ ನೋಡಿ ವಾಪಸ್ ಬರುವಷ್ಟರಲ್ಲಿ ಎಷ್ಟು ಹೊತ್ತಾಗುತ್ತದೆ, ಸೋಮವಾರ ಡ್ಯೂಟಿಗೆ ಏಳುವುದು ಹೇಗೆ ಎಂದು ಲೆಕ್ಕ ಹಾಕಿ, ಮೈಸೂರನ್ನು ಯುಗಾದಿಯ ರಜೆಯ ಸುತ್ತಮುತ್ತ ಎಂದು ಬರೆದುಕೊಂಡರು. ಪೆನ್ಸಿಲ್ಲಿನಲ್ಲಿ. ಖಚಿತವಿಲ್ಲದ್ದನ್ನು ಪೆನ್ನಿನಲ್ಲಿ ಬರೆಯುವುದು ಪ್ರೂಫ್ ನೋಡಿದ ಕೈಗೆ ಒಗ್ಗುವುದಿಲ್ಲ. ಪರಿಷೆಯ ಭಾನುವಾರ ಮಾತ್ರ ಪೆನ್ನಿನ ಪಾಲಾಯಿತು. ಬಟ್ಟೆ ಶನಿವಾರ ರಾತ್ರಿಯೇ ನೆನೆಹಾಕುವುದೆಂದು ಹುಡುಗಿ ಒಪ್ಪಿದ್ದಳು.

ಅವರೆಕಾಯಿಯ ದಿನ ಗೊತ್ತುಮಾಡುವುದು ಅಷ್ಟು ಸುಲಭವಾಗಲಿಲ್ಲ. ಸಂಕ್ರಾಂತಿ ಹತ್ತಿರ ಬಂದಂತೆ ದರ ಇಳಿಯುತ್ತೆ, ಸೊಗಡು ಏರುತ್ತೆ ಎಂದರು ಅತ್ತೆ. ಅಷ್ಟರಲ್ಲಿ ತಮ್ಮನ ಕಂತು ಹೋಗಿರುತ್ತೆ, ಸಂಬಳ ಬಂದ ಕೂಡಲೇ ಬರುವ ಭಾನುವಾರವೇ ಆಗಬೇಕು ಎಂದಳು ಹುಡುಗಿ.

"ಜನವರಿ ಮೊದಲನೇ ಭಾನುವಾರನಾ?" ಎಂದು ಮಾವ ಹುಬ್ಬೇರಿಸಿದರು. "ಅವತ್ತೇ ಅಲ್ವಾ ಕುಮಾರಕೃಪಾ ರಸ್ತೇಲಿ ಚಿತ್ರಸಂತೆ ಇಡೋದು? ಚಿತ್ರಕಲಾ ಪರಿಷತ್ತಿನವರು ರಸ್ತೆ ಉದ್ದಕ್ಕೂ ಚಿತ್ರ ನೇತುಹಾಕಿಸ್ತಾರೆ. ನೋಡೋಕೆ ದುಡ್ಡಿಲ್ಲ. ನಾನು ಅದನ್ನ ತಪ್ಪಿಸಲ್ಲ."

"ಬೆಳಿಗ್ಗೆ ಹಿತಕಿ, ಊಟ ಮಾಡಿ, ಮಧ್ಯಾಹ್ನ ಹೋದರಾಯ್ತು."

"ಮಧ್ಯಾಹ್ನ ಕಾಲಿಡೋಕಾಗಲ್ಲ ಅಲ್ಲಿ. ಹೋದರೆ ಎಂಟಕ್ಕೇ ಹೋಗಬೇಕು."

"ಎಂಟಕ್ಕೆ ಹೋದರೆ ಬೇಳೆ ಯಾರು ಹಿತಕ್ತಾರೆ? ನಾನೊಬ್ಬಳೇನಾ?" ಎಂದು ಅತ್ತೆ ಕ್ಯಾಲೆಂಡರನ್ನು ಮಾವನ ಕೈಯಿಂದ ಎಳೆದುಕೊಂಡರು.